ಗದ್ದೆ ಯಾರದು, ಮೃಗ ಯಾರದು?

ಕೆಲವು ತಿಂಗಳ ಹಿಂದೆ ಮಳವಳ್ಳಿಯ ಕಡೆ ನೆಂಟರೊಬ್ಬರ ಊರಿಗೆ ಹೋಗಿದ್ದೆ. ನೆರೆಯ ಗೌಡರ ಕಬ್ಬಿನ ಗದ್ದೆಯ ಅಂಚಿನಲ್ಲಿ ಅರಣ್ಯ ಇಲಾಖೆಯವರು ಕಬ್ಬಿಣದ ಬೋನು ಇಟ್ಟಿದ್ದರು. ಒಳಗೆ ಒಂದು ಮೇಕೆ. ಪಟ್ಟಣದ ನಾವು ಚಿರತೆ ಎನ್ನುವುದನ್ನು ಅಲ್ಲಿಯವರು ಕಿರುಬ ಎನ್ನುತ್ತಾರೆ. ಅದು ಬೋನಿಗೆ ಬಿದ್ದಿರಲಿಲ್ಲ. "ನನ್ನ ಗದ್ದೇಲಿ ನಾನೊಂದು ಉರ್ಲು ಹಾಕಂಗಿಲ್ಲ ಅಂತಾರಲ್ಲ, ಇದ್ಯಾವ ನ್ಯಾಯ ಸ್ವಾಮಿ?" ಎಂದರು ಗೌಡರು. ಉತ್ತರ ಹೊಳೆಯದೆ, ಬೆಂಗಳೂರಿಗೆ ಹಿಂತಿರುಗಿದವನು ಹಳೆಯ ಕಾನೂನುಗಳನ್ನು ತಿರುವಿಹಾಕಿದೆ.

ಪ್ರಶ್ನೆ ಬಹು ಪುರಾತನವಾದದ್ದು. ರೋಮನರ ನ್ಯಾಯದಲ್ಲಿ ಕಾಡುಮೃಗ ಯಾರ ಸ್ವತ್ತೂ ಅಲ್ಲ, ಹಿಡಿದವನೇ ಒಡೆಯ. ಹೊಲದವನು ಬೇಟೆಗಾರನನ್ನು ಒಳಗೆ ಬಿಡದಿರಬಹುದು, ಅಷ್ಟೆ. ಇಂಗ್ಲೆಂಡಿನಲ್ಲಿ ಮಾತು ತಿರುಗಿತು. ಅನ್ಯರ ನೆಲಕ್ಕೆ ನುಗ್ಗಿ ಅಲ್ಲಿಯೇ ಕೊಂದ ಮೊಲ ನೆಲದವನಿಗೇ ಸೇರತಕ್ಕದ್ದೆಂದು 1865ರಲ್ಲಿ ಲಾರ್ಡುಗಳ ಸಭೆ ತೀರ್ಪಿತ್ತಿತು. ಲಾರ್ಡುಗಳಲ್ಲಿ ಜಮೀನಿಲ್ಲದವರು ಎಷ್ಟು ಮಂದಿಯೋ!

ನಮ್ಮ ಮೈಸೂರು ಸಂಸ್ಥಾನದಲ್ಲಿಯೂ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ಒಂದು ರೆಗ್ಯುಲೇಷನ್ ಬಂತು. ಆದರೆ ಗೌಡರ ಪ್ರಶ್ನೆಗೆ ಹತ್ತಿರದ ಮಾತು ದೊರೆತದ್ದು 1972ರ ಕೇಂದ್ರ ವನ್ಯಜೀವಿ ಕಾಯಿದೆಯಲ್ಲಿ. ಸರ್ಕಾರದ್ದಲ್ಲದ ನೆಲದಲ್ಲಿ ಅದರ ಒಡೆಯನ ಅಥವಾ ನ್ಯಾಯವಾಗಿ ಅನುಭವದಲ್ಲಿರುವವನ ಒಪ್ಪಿಗೆಯಿಲ್ಲದೆ ಬೇಟೆಯಾಡಕೂಡದೆಂದು ಅದರ 17ನೆಯ ಸೆಕ್ಷನ್ ವಿಧಿಸಿತ್ತು. ಬಲೆಯೊಡ್ಡುವುದು, ಉರುಳು ಹಾಕುವುದು ಕೂಡ ಕಾಯಿದೆಯ ಕಣ್ಣಿಗೆ ಬೇಟೆಯೇ. ಲೈಸೆನ್ಸು ಪಡೆದ ಪಟ್ಟಣದ ಷಿಕಾರಿಯೂ ಗೌಡರ ಜಗಲಿಯ ಮುಂದೆ ನಿಂತು ಕೇಳಬೇಕಾಗಿತ್ತು. 1991ರ ತಿದ್ದುಪಡಿ ಬೇಟೆಯ ಲೈಸೆನ್ಸನ್ನೇ ಕಿತ್ತುಹಾಕಿತು. ಅದರೊಡನೆ ಆ ಮಾತೂ ಹೋಯಿತು. ಈಗ ಚಿರತೆ ಮನುಷ್ಯರ ಪ್ರಾಣಕ್ಕೆ ಅಪಾಯವೆಂದು ಮನಗಂಡು, ಕಾರಣ ಬರೆದು ಅಪ್ಪಣೆ ಕೊಡತಕ್ಕವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಗೌಡರು ಅರ್ಜಿ ಹಾಕಬಹುದು.

ಬೇಟೆ ನಿಂತದ್ದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಸಂದೇಹವಿಲ್ಲ. ಹಂದಿಗೆಂದು ಹಾಕಿದ ತಂತಿಯ ಉರುಳು ಹಂದಿಯನ್ನೇ ಆರಿಸಿ ಹಿಡಿಯುವುದಿಲ್ಲ. ಸೊಂಟಕ್ಕೆ ಬಿಗಿದರೆ ಚಿರತೆ ನರಳಿ ನರಳಿ ಸಾಯುತ್ತದೆ. ಆದರೆ ಚಿರತೆ ಇಲ್ಲಿಗೆ ಬಂದುದಾದರೂ ಹೇಗೆ? ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಕೃಷ್ಣರಾಜಸಾಗರದ ನೀರನ್ನು ನಾಲೆಯಲ್ಲಿ ಹರಿಸಿದ್ದು, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯನ್ನು ಕಟ್ಟಿ ಕಬ್ಬು ಬೆಳೆಯಿರೆಂದದ್ದು ಸರ್ಕಾರವೇ. ಆಳೆತ್ತರದ ಕಬ್ಬು ಚಿರತೆಗೆ ಕಾಡಾಗಿಯೇ ಒದಗಿತು. ಕಟಾವಿಗೆ ಇಳಿದವರಿಗೆ ಒಮ್ಮೊಮ್ಮೆ ಮರಿಗಳೂ ಸಿಗುತ್ತವೆ. ರಾತ್ರಿ ನೀರು ಕಟ್ಟಲು ಹೋಗುವವನ ಕೈಯಲ್ಲಿರುವುದು ಒಂದು ಟಾರ್ಚು, ಒಂದು ಕೋಲು.

ನಾನು ಹೊರಟಾಗ ಗೌಡರು ಬೋನಿನ ಮೇಕೆಗೆ ಸೊಪ್ಪು ಹಾಕುತ್ತಿದ್ದರು. ಮೇಕೆ ಅವರ ಮನೆಯದೇ ಅಂತೆ.