ಕ್ರಿಮಿನಲ್ ಶಿಕ್ಷೆ ಮತ್ತು ವಿದೇಶ ಪ್ರಯಾಣ: ತಿಳಿದಿರಬೇಕಾದ ಸಂಗತಿಗಳು

ಮಗ ಅಮೆರಿಕದಲ್ಲಿ, ಮಗಳು ಕೆನಡಾದಲ್ಲಿ ಎಂಬುದು ಮುಂಬಯಿ, ಪುಣೆಗಳ ಕನ್ನಡಿಗ ಕುಟುಂಬಗಳಲ್ಲಿ ಇಂದು ಅಪರೂಪದ ಮಾತಲ್ಲ. ಬಾಣಂತನಕ್ಕೋ ಮೊಮ್ಮಗುವಿನ ನಾಮಕರಣಕ್ಕೋ ಹೊರಟ ಹಿರಿಯರು ವೀಸಾ ಅರ್ಜಿಯ ಒಂದು ಪ್ರಶ್ನೆಯ ಮುಂದೆ ತಡೆದು ನಿಲ್ಲುವುದುಂಟು: ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ನಿಮಗೆ ಶಿಕ್ಷೆಯಾಗಿತ್ತೇ? ಊರಿನ ಜಮೀನಿನ ತಕರಾರಿನಲ್ಲಿ ನಡೆದ ಹೊಡೆದಾಟ, ವ್ಯಾಪಾರ ಮುಳುಗಿದಾಗ ಹಿಂದಿರುಗಿದ ಚೆಕ್ಕು, ಕುಡಿದು ವಾಹನ ನಡೆಸಿ ತೆತ್ತ ದಂಡ ಹೀಗೆ ಮನೆಯಲ್ಲಿ ಯಾರೂ ಎತ್ತದ ಹಳೆಯ ಸಂಗತಿಯೊಂದು ಆಗ ಎದ್ದು ಬರುತ್ತದೆ. “ಅಷ್ಟು ಹಳೆಯದು ಯಾರಿಗೆ ಗೊತ್ತಾಗುತ್ತದೆ, ಇಲ್ಲವೆಂದು ಬರೆದುಬಿಡಿ” ಎಂದು ಸಲಹೆ ಕೊಡುವವರಿಗೂ ಕೊರತೆಯಿಲ್ಲ. ಎಲ್ಲಕ್ಕಿಂತ ಅಪಾಯಕಾರಿಯಾದ ಸಲಹೆ ಇದೇ. ಶಿಕ್ಷೆಯಾದವರಿಗೆಲ್ಲ ವಿದೇಶದ ಬಾಗಿಲು ಮುಚ್ಚಿರುವುದಿಲ್ಲ. ಸುಳ್ಳು ಹೇಳಿದವರಿಗೆ ಮಾತ್ರ ಅದು ಬಹುಕಾಲ ಮುಚ್ಚಿಹೋಗುತ್ತದೆ. ಈ ವಿಷಯದ ಮುಖ್ಯ ನಿಯಮಗಳನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಕ್ರೋಡೀಕರಿಸಿದ್ದೇವೆ.

ಮೊದಲು ತಿಳಿಯಬೇಕಾದ ವ್ಯತ್ಯಾಸ

ಪೊಲೀಸರಲ್ಲಿ ದಾಖಲಾದ ದೂರು, ನ್ಯಾಯಾಲಯದಲ್ಲಿ ಬಾಕಿ ಇರುವ ಪ್ರಕರಣ, ಖುಲಾಸೆ ಮತ್ತು ಶಿಕ್ಷೆ ಇವು ನಾಲ್ಕೂ ಬೇರೆ ಬೇರೆ. ಜನರು ಇವೆಲ್ಲವನ್ನೂ “ಕೇಸು” ಎಂಬ ಒಂದೇ ಪದದಿಂದ ಕರೆಯುವುದರಿಂದ ಅನಗತ್ಯ ಭಯವೂ ಅಪಾಯಕರ ಧೈರ್ಯವೂ ಹುಟ್ಟುತ್ತವೆ. ಎಫ್‌ಐಆರ್ ದಾಖಲಾದ ಮಾತ್ರಕ್ಕೆ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದೆ ಎಂದಾಗುವುದಿಲ್ಲ. ನ್ಯಾಯಾಲಯವು ಅದನ್ನು ವಿಚಾರಣೆಗೆ ಪರಿಗಣಿಸಿರಬೇಕು. ವಿದೇಶಾಂಗ ಸಚಿವಾಲಯವು 2019ರ ಅಕ್ಟೋಬರ್‌ನಲ್ಲಿ ತನ್ನ ಪಾಸ್‌ಪೋರ್ಟ್ ಕಚೇರಿಗಳಿಗೆ ಇದನ್ನು ಸ್ಪಷ್ಟಪಡಿಸಿತು.

ಹೊರನಾಡಿನಲ್ಲಿ ನೆಲಸಿದ ನಮ್ಮವರಿಗೆ ಇನ್ನೊಂದು ತೊಡಕಿದೆ. ಊರಿನ ಆಸ್ತಿ ಜಗಳದ ದೂರಿನಲ್ಲಿ ಅಣ್ಣತಮ್ಮಂದಿರೆಲ್ಲರ ಹೆಸರು ಸೇರಿರಬಹುದು. ಸಮನ್ಸ್ ಊರಿನ ಹಳೆಯ ಮನೆಯ ವಿಳಾಸಕ್ಕೆ ಹೋಗಿ ಮುಂಬಯಿಯಲ್ಲಿರುವವರಿಗೆ ತಿಳಿಯದೆಯೇ ಉಳಿಯಬಹುದು. ಅಂಥ ಸಂದೇಹವಿದ್ದವರು ಅರ್ಜಿ ಸಲ್ಲಿಸುವ ಮೊದಲೇ ಇ-ಕೋರ್ಟ್ಸ್ ಜಾಲತಾಣದಲ್ಲಿ ಆಯಾ ಜಿಲ್ಲೆಯ ನ್ಯಾಯಾಲಯವನ್ನು ಆರಿಸಿ, ತಮ್ಮ ಹೆಸರಿನಿಂದ ಹುಡುಕಿ ನೋಡುವುದು ಒಳ್ಳೆಯದು.

ಪಾಸ್‌ಪೋರ್ಟ್ ಕಾಯಿದೆ ಏನು ಹೇಳುತ್ತದೆ

ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ ಎಂದು ಸುಪ್ರೀಂ ಕೋರ್ಟು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದ್ದರಿಂದ ಕಾಯಿದೆಯಲ್ಲಿ ಹೇಳಿದ ಕಾರಣಗಳಿಗಷ್ಟೇ ಪಾಸ್‌ಪೋರ್ಟ್ ನಿರಾಕರಿಸಬಹುದು.

1967ರ ಪಾಸ್‌ಪೋರ್ಟ್ ಕಾಯಿದೆಯ 6(2)ನೇ ಕಲಮಿನ ಪ್ರಕಾರ, ಅರ್ಜಿಯ ಹಿಂದಿನ 5 ವರ್ಷಗಳೊಳಗೆ ನೈತಿಕ ಅಧಃಪತನದ ಅಪರಾಧಕ್ಕಾಗಿ ಭಾರತದ ನ್ಯಾಯಾಲಯವು 2 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ವಿಧಿಸಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲಾಗುತ್ತದೆ. ವಂಚನೆ, ಕಳ್ಳತನ, ಖೋಟಾ ದಾಖಲೆ ಸೃಷ್ಟಿ ಮೊದಲಾದವು ನೈತಿಕ ಅಧಃಪತನದ ಅಪರಾಧಗಳು. ಅವಧಿ, ಅಪರಾಧದ ಸ್ವರೂಪ, ಶಿಕ್ಷೆಯ ಪ್ರಮಾಣ ಈ ಮೂರೂ ಕೂಡಿಬಂದಾಗ ಮಾತ್ರ ಈ ಅಡ್ಡಿ ಅನ್ವಯಿಸುತ್ತದೆ. ಹತ್ತು ವರ್ಷಗಳ ಹಿಂದಿನ ಶಿಕ್ಷೆಯಾಗಲಿ ಕೇವಲ ದಂಡದಲ್ಲಿ ಮುಗಿದ ಪ್ರಕರಣವಾಗಲಿ ಇದರಡಿ ಬರುವುದಿಲ್ಲ.

ಮುಗಿದ ಶಿಕ್ಷೆಗಿಂತ ಮುಗಿಯದ ಪ್ರಕರಣವೇ ಹೆಚ್ಚು ಜನರನ್ನು ಕಾಡುವುದು. ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದ್ದರೂ ಪಾಸ್‌ಪೋರ್ಟ್ ನಿರಾಕರಿಸಬಹುದು. ಆದರೆ 1993ರ ಆಗಸ್ಟ್ 25ರ ಅಧಿಸೂಚನೆಯು ಇದಕ್ಕೊಂದು ದಾರಿ ತೋರಿಸಿದೆ. ಪ್ರಕರಣ ನಡೆಯುತ್ತಿರುವ ನ್ಯಾಯಾಲಯದಿಂದಲೇ ವಿದೇಶಕ್ಕೆ ಹೋಗಲು ಅನುಮತಿಯ ಆದೇಶ ತಂದರೆ ಪಾಸ್‌ಪೋರ್ಟ್ ದೊರೆಯುತ್ತದೆ. ಆದೇಶದಲ್ಲಿ ಅವಧಿ ನಮೂದಾಗಿದ್ದರೆ ಅಷ್ಟು ಕಾಲಕ್ಕೆ, ಏನೂ ಹೇಳಿರದಿದ್ದರೆ 1 ವರ್ಷಕ್ಕೆ ಮಾತ್ರ. ಆದುದರಿಂದ ಅವಧಿಯನ್ನು ಸ್ಪಷ್ಟವಾಗಿ ನಮೂದಿಸುವಂತೆ ಕೋರಲು ವಕೀಲರಿಗೆ ಮೊದಲೇ ತಿಳಿಸಬೇಕು. ಜಾಮೀನಿನ ಮೇಲಿರುವವರು ಪಾಸ್‌ಪೋರ್ಟ್ ಕೈಯಲ್ಲಿದ್ದರೂ ಜಾಮೀನಿನ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು. ದೇಶ ಬಿಡಲು ಅನುಮತಿ ಬೇಕೆಂಬ ಷರತ್ತು ಅವುಗಳಲ್ಲಿ ಸಾಮಾನ್ಯ.

ಬ್ಯಾಂಕಿನಲ್ಲಿ ದುಡಿಯುವ ನಾವು ಇಲ್ಲಿ ಚೆಕ್ಕಿನ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿದ ಪ್ರಕರಣವನ್ನು ಅನೇಕರು ಬರಿಯ ಸಾಲದ ವ್ಯಾಜ್ಯವೆಂದು ಭಾವಿಸುತ್ತಾರೆ. ವರ್ಗಾವಣೀಯ ಪತ್ರಗಳ ಕಾಯಿದೆಯ 138ನೇ ಕಲಮಿನಡಿ ಅದು ಅಪರಾಧ; 2 ವರ್ಷಗಳವರೆಗಿನ ಸೆರೆವಾಸ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಸಮಾಧಾನದ ಸಂಗತಿಯೆಂದರೆ, ಅದೇ ಕಾಯಿದೆಯ 147ನೇ ಕಲಮು ರಾಜಿಗೆ ಅವಕಾಶ ಕೊಟ್ಟಿದೆ. ಪ್ರಯಾಣದ ಯೋಚನೆ ಇರುವವರು ಟಿಕೆಟ್ ಕೊಳ್ಳುವ ಮೊದಲು ರಾಜಿ ಮುಗಿಸಿ ಆದೇಶದ ಪ್ರತಿ ಪಡೆಯುವುದು ಜಾಣತನ.

ವೀಸಾ: ಒಂದೊಂದು ದೇಶಕ್ಕೆ ಒಂದೊಂದು ಅಳತೆ

ಪಾಸ್‌ಪೋರ್ಟ್ ನಮ್ಮ ಸರಕಾರದ ವಿಷಯ. ವೀಸಾ ಆಯಾ ದೇಶದ ವಿವೇಚನೆ. ಭಾರತದಲ್ಲಿ ಹಗುರವೆನಿಸಿದ ಅಪರಾಧ ಅಲ್ಲಿ ಗುರುತರವಾಗಬಹುದು.

ಅಮೆರಿಕ: ಪ್ರವಾಸಿ ವೀಸಾದ ಡಿಎಸ್-160 ಅರ್ಜಿಯು ಶಿಕ್ಷೆಯನ್ನಷ್ಟೇ ಅಲ್ಲದೆ ಬಂಧನವನ್ನೂ ಕೇಳುತ್ತದೆ, ಕ್ಷಮಾದಾನ ದೊರೆತಿದ್ದರೂ ಹೇಳಬೇಕು. ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರು ಸಾಮಾನ್ಯವಾಗಿ ಅನರ್ಹರು. ಸಣ್ಣ ಅಪರಾಧಗಳಿಗೆ ವಿನಾಯಿತಿಯಿದೆ: ಅಂಥ ಅಪರಾಧ ಒಂದೇ ಆಗಿದ್ದು, ಅದಕ್ಕೆ ಕಾನೂನು ವಿಧಿಸಬಹುದಾದ ಗರಿಷ್ಠ ಸೆರೆವಾಸ 1 ವರ್ಷ ಮೀರದೆ, ವಿಧಿಸಿದ ಸೆರೆವಾಸ 6 ತಿಂಗಳು ಮೀರದೆ ಇರಬೇಕು. ಇಲ್ಲಿ ಸೂಕ್ಷ್ಮವೊಂದಿದೆ. ಭಾರತೀಯ ದಂಡ ಸಂಹಿತೆಯ 379ನೇ ಕಲಮಿನಡಿ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷವಾಗಿತ್ತು. ಆದುದರಿಂದ ಆ ಕಲಮಿನಡಿ ಬರಿಯ ದಂಡ ತೆತ್ತವರಿಗೂ ಈ ವಿನಾಯಿತಿ ಸಿಗದು. ಮಾದಕ ವಸ್ತುಗಳ ಅಪರಾಧಗಳಿಗೂ ಈ ವಿನಾಯಿತಿಯಿಲ್ಲ. ಹೀಗೆ ಅನರ್ಹರಾದ ಪ್ರವಾಸಿಗಳಿಗೆ ತಾತ್ಕಾಲಿಕ ಭೇಟಿಗಾಗಿ ಮನ್ನಾ ನೀಡಲು ಅಲ್ಲಿಯ ಕಾನೂನಿನಲ್ಲಿ ಅವಕಾಶವಿದೆ. ಅಪರಾಧದ ತೀವ್ರತೆ, ಕಳೆದ ಕಾಲ, ಪ್ರಯಾಣದ ಉದ್ದೇಶ ಇವನ್ನು ತೂಗಿ ನೋಡುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು.

ಬ್ರಿಟನ್: 12 ತಿಂಗಳು ಅಥವಾ ಅದಕ್ಕೂ ಹೆಚ್ಚಿನ ಸೆರೆವಾಸ ವಿಧಿಸಲ್ಪಟ್ಟವರಿಗೆ ಪ್ರವಾಸಿ ವೀಸಾ ನಿರಾಕರಿಸಲಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ, ಸೆರೆವಾಸ ಮುಗಿದು 12 ತಿಂಗಳು ಕಳೆದಿರಬೇಕು. ಸೆರೆವಾಸವಿಲ್ಲದ ಶಿಕ್ಷೆಯಾದರೆ ತೀರ್ಪಿನಿಂದ 12 ತಿಂಗಳು ಕಳೆದಿರಬೇಕು. ಅನಂತರವೂ ನಿರ್ಧಾರ ಅಧಿಕಾರಿಯ ವಿವೇಚನೆಗೆ ಸೇರಿದ್ದು.

ಕೆನಡಾ: ಹೊರಗೆ ನಡೆದ ಅಪರಾಧವನ್ನು ತನ್ನ ಕಾನೂನಿನ ತಕ್ಕಡಿಯಲ್ಲಿಟ್ಟು ತೂಗುವುದು ಕೆನಡಾದ ಪದ್ಧತಿ. ಕುಡಿದು ವಾಹನ ನಡೆಸಿದ ಮೊದಲ ಅಪರಾಧಕ್ಕೆ ನಮ್ಮ ಮೋಟಾರು ವಾಹನ ಕಾಯಿದೆಯಲ್ಲಿ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಇವೆ. ಬಹುಮಂದಿ ದಂಡ ಕಟ್ಟಿ ಮರೆತುಬಿಡುತ್ತಾರೆ. ಕೆನಡಾದಲ್ಲಿ 2018ರ ಡಿಸೆಂಬರ್ 18ರಿಂದ ಇದರ ಗರಿಷ್ಠ ಶಿಕ್ಷೆ 10 ವರ್ಷಕ್ಕೇರಿ, ಅದು ಗಂಭೀರ ಅಪರಾಧಗಳ ಸಾಲಿಗೆ ಸೇರಿದೆ. ಶಿಕ್ಷೆ ಸಂಪೂರ್ಣ ಮುಗಿದು 5 ವರ್ಷ ಕಳೆದ ಮೇಲೆ “ಪುನರ್ವಸತಿ” ಎಂಬ ಮಾನ್ಯತೆಗೆ ಅರ್ಜಿ ಹಾಕಬಹುದು. ಅದು ದೊರೆತರೆ ಹಳೆಯ ಅಡ್ಡಿ ಶಾಶ್ವತವಾಗಿ ನಿವಾರಣೆಯಾಗುತ್ತದೆ. ಅಲ್ಲಿಯವರೆಗೆ ಅನಿವಾರ್ಯ ಪ್ರಯಾಣಕ್ಕೆ ತಾತ್ಕಾಲಿಕ ನಿವಾಸ ಪರವಾನಗಿಯೊಂದೇ ದಾರಿ.

ಆಸ್ಟ್ರೇಲಿಯ: 1958ರ ವಲಸೆ ಕಾಯಿದೆಯ 501ನೇ ಕಲಮು “ನಡತೆಯ ಪರೀಕ್ಷೆ”ಯನ್ನು ವಿಧಿಸಿದೆ. ಒಟ್ಟು 12 ತಿಂಗಳು ಅಥವಾ ಹೆಚ್ಚಿನ ಸೆರೆವಾಸ ವಿಧಿಸಲ್ಪಟ್ಟವರು ಇದರಲ್ಲಿ ಉತ್ತೀರ್ಣರಾಗುವುದಿಲ್ಲ. ಆದರೂ ವೀಸಾ ನೀಡುವ ವಿವೇಚನೆ ಅಲ್ಲಿಯ ಸರಕಾರಕ್ಕಿದೆ.

ಸುಳ್ಳಿನ ಬೆಲೆ

ಒಂದು ಉದಾಹರಣೆ ನೋಡೋಣ. ಹಳೆಯ ಪ್ರಕರಣವೊಂದರಲ್ಲಿ ಶಿಕ್ಷೆಯಾದ ತಂದೆಯೊಬ್ಬರು “ಇಲ್ಲ” ಎಂದು ಬರೆದು ಅಮೆರಿಕದ ಪ್ರವಾಸಿ ವೀಸಾ ಪಡೆದು, ಮೊಮ್ಮಗುವನ್ನು ನೋಡಿ ಸುಖವಾಗಿ ಹಿಂದಿರುಗಿದರೆನ್ನಿ. ಕೆಲವು ವರ್ಷಗಳ ಮೇಲೆ ಅಲ್ಲಿಯ ಪೌರನಾದ ಮಗ ತಂದೆತಾಯಿಯರ ಹಸಿರು ಕಾರ್ಡಿಗೆ ಅರ್ಜಿ ಹಾಕುತ್ತಾನೆ. ಈಗ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕಡ್ಡಾಯ. ಹಳೆಯ ಪ್ರಕರಣ ಹೊರಬೀಳುತ್ತದೆ; ಜೊತೆಗೆ ಹಳೆಯ ಸುಳ್ಳೂ. ಆ ಅಪರಾಧವು ಸಣ್ಣದೆಂದು ಬಹುಶಃ ವಿನಾಯಿತಿ ದೊರೆಯುತ್ತಿತ್ತು. ಆದರೆ ವೀಸಾ ನಿರ್ಧಾರಕ್ಕೆ ಮುಖ್ಯವಾದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚಿದರೆ ಅಮೆರಿಕದ ಕಾನೂನಿನಲ್ಲಿ ಜೀವನಪರ್ಯಂತ ಅನರ್ಹತೆ. ವಿಶೇಷ ಮನ್ನಾ ಒಂದೇ ಪರಿಹಾರ.

ಇತರ ದೇಶಗಳಲ್ಲಿಯೂ ಸ್ಥಿತಿ ಇಂಥದೇ. ಅರ್ಜಿಯಲ್ಲಿ ವಂಚಿಸಿದರೆ ಬ್ರಿಟನ್ 10 ವರ್ಷ, ಕೆನಡಾ 5 ವರ್ಷ, ಆಸ್ಟ್ರೇಲಿಯ 3 ವರ್ಷ ಬಾಗಿಲು ಮುಚ್ಚಬಹುದು. ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಿಳಿದೂ ಸುಳ್ಳು ಮಾಹಿತಿ ಕೊಡುವುದು 12ನೇ ಕಲಮಿನಡಿ ಅಪರಾಧವಾಗಿದ್ದು, 2 ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪಾಸ್‌ಪೋರ್ಟನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು.

ಸಿದ್ಧಪಡಿಸಿಕೊಳ್ಳಬೇಕಾದ ಕಾಗದಪತ್ರಗಳು

1. ತೀರ್ಪಿನ ದೃಢೀಕೃತ ನಕಲು. ಖುಲಾಸೆಯಾಗಿದ್ದರೂ ಇದು ಅವಶ್ಯ.
2. ದೋಷಾರೋಪ ಪಟ್ಟಿ ಅಥವಾ ದೂರಿನ ಪ್ರತಿ.
3. ದಂಡ ಕಟ್ಟಿದ ರಶೀದಿ, ಇಲ್ಲವೇ ಸೆರೆವಾಸ ಮುಗಿದುದಕ್ಕೆ ಪ್ರಮಾಣಪತ್ರ.
4. ಕರ್ನಾಟಕದ ಕೆಳಹಂತದ ನ್ಯಾಯಾಲಯಗಳ ತೀರ್ಪು ಕನ್ನಡದಲ್ಲಿದ್ದರೆ ಅದರ ದೃಢೀಕೃತ ಇಂಗ್ಲಿಷ್ ಅನುವಾದ.
5. ನಡೆದುದನ್ನು ದಿನಾಂಕ ಸಹಿತ ಹೇಳುವ ಒಂದು ಪುಟದ ವಿವರಣೆ. ಇದರಲ್ಲಿ ಎದುರು ಪಕ್ಷದವರನ್ನು ದೂರುವುದು ಬೇಡ.

ಹಳೆಯ ಕಡತಗಳನ್ನು ನ್ಯಾಯಾಲಯಗಳು ನಿಯಮಾನುಸಾರ ನಾಶಪಡಿಸುತ್ತವೆ. ಆದ್ದರಿಂದ ಪ್ರಯಾಣದ ಯೋಚನೆ ಇಲ್ಲದಿದ್ದರೂ ಊರಿಗೆ ಹೋದಾಗ ನಕಲು ತೆಗೆಸಿಟ್ಟುಕೊಳ್ಳುವುದು ಲೇಸು. ಕಡತ ಇಲ್ಲವಾಗಿದ್ದರೆ, ಇಲ್ಲವೆಂದು ನ್ಯಾಯಾಲಯದಿಂದಲೇ ಬರೆಸಿಕೊಳ್ಳಬೇಕು. ನಿಯಮಗಳು ಆಗಾಗ ಬದಲಾಗುತ್ತವೆ; ಅರ್ಜಿ ಹಾಕುವ ಮೊದಲು ಆಯಾ ದೇಶದ ಅಧಿಕೃತ ಜಾಲತಾಣವನ್ನು ನೋಡಿ, ತಿಳಿದ ವಕೀಲರನ್ನು ಕಾಣುವುದು ಕ್ಷೇಮ. “ಎಲ್ಲ ನಾವೇ ನೋಡಿಕೊಳ್ಳುತ್ತೇವೆ” ಎನ್ನುವ ಏಜೆಂಟರ ಕೈಗೆ ಸಹಿ ಮಾಡಿದ ಖಾಲಿ ಅರ್ಜಿಯನ್ನು ಕೊಡಲೇಬಾರದು. ಅದರಲ್ಲಿ ಅವರು ಬರೆದ ಉತ್ತರಕ್ಕೂ ಹೊಣೆ ಸಹಿ ಹಾಕಿದವರದೇ.

ಹಲವು ಮನೆಗಳಲ್ಲಿ ಮಕ್ಕಳಿಗೂ ತಿಳಿಯದಂತೆ ಹಿರಿಯರು ಇಂಥ ಸಂಗತಿಯನ್ನು ಮುಚ್ಚಿಟ್ಟಿರುತ್ತಾರೆ. ಅರ್ಜಿ ತುಂಬಲು ಕುಳಿತ ಮಗನಿಗೆ ಅದನ್ನು ಹೇಳುವುದು ವೀಸಾ ಅಧಿಕಾರಿಗೆ ಹೇಳುವುದಕ್ಕಿಂತ ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೂ ಹೇಳಿಬಿಡುವುದೇ ಒಳಿತು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂಬ ನಮ್ಮ ಹಿರಿಯರ ಗಾದೆ ವೀಸಾ ಅರ್ಜಿಗೂ ಸಲ್ಲುತ್ತದೆ.