ನೀಲಿ ಪೆಟ್ಟಿಗೆಯೊಳಗಿನ ಕನ್ನಡ

ಬಳ್ಳಾರಿಯ ನಮ್ಮ ಮನೆಗೆ ಬಂದವರೆಲ್ಲರೂ ನಡುಮನೆಯ ಮೂಲೆಯಲ್ಲಿರುವ ನೀಲಿ ಪೆಟ್ಟಿಗೆಯನ್ನು ಕಂಡು, “ಸಾರ್, ಈ ಹಳೆಯ ಟಿ.ವಿ. ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?” ಎಂದು ಕೇಳುವುದುಂಟು. ಅದು ಟಿ.ವಿ. ಅಲ್ಲ, ಆಪಲ್ ಸಂಸ್ಥೆಯು 1998ರಲ್ಲಿ ಹೊರತಂದ ಮೊದಲ ಐಮ್ಯಾಕ್ ಗಣಕಯಂತ್ರ. ಸಿರುಗುಪ್ಪದವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಳ್ಳಾರಿಯಲ್ಲಿ ಮುದ್ರಣಾಲಯ ನಡೆಸುತ್ತಿದ್ದನು. 2007ರಲ್ಲಿ ಹೊಸ ಯಂತ್ರ ಕೊಂಡಾಗ ಇದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ನನಗೆ ಒಪ್ಪಿಸಿದನು.

ಪರದೆ ಮತ್ತು ಯಂತ್ರ ಎರಡನ್ನೂ ಒಂದೇ ಗೂಡಿನಲ್ಲಿ ಅಡಗಿಸುವ ಕಲ್ಪನೆ ಆಗಲೇ ಹಳೆಯದಾಗಿತ್ತು. 1977ರ ಕಮೋಡೋರ್ ಪೆಟ್ ಅಂಥದೇ ಯಂತ್ರ. 1984ರ ಜನವರಿ 24ರಂದು ಬಿಡುಗಡೆಯಾದ ಮೆಕಿಂತೋಷ್‌ನಲ್ಲಿ 9 ಅಂಗುಲದ ಕಪ್ಪು-ಬಿಳುಪು ಪರದೆಯೂ 128 ಕಿಲೋಬೈಟ್ ಸ್ಮೃತಿಯೂ ಇದ್ದವು. ಹದಿನಾಲ್ಕು ವರ್ಷಗಳ ತರುವಾಯ ಬಂದ ಐಮ್ಯಾಕ್‌ಗೆ 15 ಅಂಗುಲದ ಬಣ್ಣದ ಪರದೆ, 32 ಮೆಗಾಬೈಟ್ ಸ್ಮೃತಿ, 4 ಗಿಗಾಬೈಟ್ ಹಾರ್ಡ್‌ಡಿಸ್ಕ್. ಫ್ಲಾಪಿಯನ್ನು ಕೈಬಿಟ್ಟು ಯು.ಎಸ್.ಬಿ.ಯನ್ನು ನೆಚ್ಚಿದ ಯಂತ್ರವಿದು. ಇದರ ಬಣ್ಣಕ್ಕೆ ಆಸ್ಟ್ರೇಲಿಯದ ಬಾಂಡೈ ಕಡಲತೀರದ ಹೆಸರನ್ನಿಟ್ಟರು.

ಆದರೆ ನಾನು ಇದನ್ನು ಜೋಪಾನ ಮಾಡುತ್ತಿರುವುದು ಬಣ್ಣಕ್ಕಾಗಿ ಅಲ್ಲ.

2001ರಲ್ಲಿ ಕುರುಗೋಡಿನಲ್ಲಿ ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಮನೆಯ ಹಿರಿಯರ ನೆನಪುಗಳನ್ನು ಕೇಳಿ ಬರೆದು ತರಲು ಮಕ್ಕಳಿಗೆ ಹೇಳಿದೆ. 38 ಪ್ರಬಂಧಗಳು ಬಂದವು. ಕಾಲುವೆಗೆ ನೀರು ಬರುವ ಮುಂಚಿನ ಬೇಸಾಯ, ಬರಗಾಲದ ಊಟ, ಬೀಸುಕಲ್ಲಿನ ಪದಗಳು ಎಲ್ಲವೂ ಅವುಗಳಲ್ಲಿದ್ದವು. ಪುಸ್ತಕ ಮಾಡೋಣವೆಂದು ಈ ಯಂತ್ರದಲ್ಲೇ ಅಕ್ಷರ ಜೋಡಿಸಿಟ್ಟೆವು. ಹಣ ಸಾಲದೆ ಅಚ್ಚಾಗಲಿಲ್ಲ. ಮಕ್ಕಳ ಮೂಲ ಹಾಳೆಗಳನ್ನು ಗೆದ್ದಲು ತಿಂದಿತು.

ಹೋದ ವರ್ಷ ಮೊಮ್ಮಗಳು ಆ ಕಡತಗಳನ್ನು ತನ್ನ ಲ್ಯಾಪ್‌ಟಾಪಿಗೆ ನಕಲಿಸಿ ತೆರೆದರೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಕಾರಣ ಸರಳ. 1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂಡಿಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ನುಡಿ, ಬರಹಗಳ ಹಳೆಯ ಕಡತಗಳನ್ನು ಪರಿವರ್ತಿಸುವ ತಂತ್ರಾಂಶಗಳು ನಮ್ಮ ಫಾಂಟಿಗೆ ಹೊಂದಲಿಲ್ಲ.

ಕುರುಗೋಡಿನ ಸಿಂದರ ಕಾಲದ, 12ನೆಯ ಶತಮಾನದ ಶಾಸನಗಳನ್ನು ಬಲ್ಲವರು ಇಂದಿಗೂ ಓದುತ್ತಾರೆ. ಕಲ್ಲಿಗೆ ಫಾಂಟ್ ಬೇಡ, ವಿದ್ಯುತ್ತೂ ಬೇಡ. ಅದೇ ಊರಿನ ಮಕ್ಕಳ ಬರಹವು ಕಾಲು ಶತಮಾನದೊಳಗೆ ಒಂದು ನೀಲಿ ಪೆಟ್ಟಿಗೆಯ ಉಸಿರಿಗೆ ಜೋತುಬಿದ್ದಿದೆ.

ಕಳೆದ ತಿಂಗಳು ಎರಡು ದಿನ ಪರದೆ ಬೆಳಗಲೇ ಇಲ್ಲ. ನನಗೆ ನಿದ್ರೆ ಬರಲಿಲ್ಲ. ಮೂರನೆಯ ದಿನ ಬೆಳಗಿದಾಗ, ಮೊಮ್ಮಗಳು ಪರದೆಯ ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯತೊಡಗಿದಳು. ನಾನು ಅವನ್ನು ನೋಡಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡುತ್ತಿದ್ದೇನೆ. 21 ಪ್ರಬಂಧಗಳು ಮುಗಿದಿವೆ. ಉಳಿದವು ಯಂತ್ರದಲ್ಲೂ ಮಸುಕಾಗಿಯೇ ಕಾಣುತ್ತಿವೆ.

ಅಜ್ಜಿಯ ಬೀಸುಕಲ್ಲಿನ ಪದಗಳನ್ನು ಬರೆದುಕೊಂಡು ಬಂದ ಹುಡುಗಿಯ ಹೆಸರು ಕಡತದಲ್ಲಿಲ್ಲ. ನನ್ನ ನೆನಪಿನಿಂದಲೂ ಜಾರಿಹೋಗಿದೆ. ಅಮ್ಮಾ, ಇದನ್ನು ಓದುತ್ತಿರುವವಳು ನೀನೇ ಆಗಿದ್ದರೆ ದಯಮಾಡಿ ತಿಳಿಸು. ಎರಡನೆಯ ಪದದ ಕೊನೆಯ ಸಾಲು ಸರಿಯಾಗಿ ಕಾಣಿಸುತ್ತಿಲ್ಲ. ನಿನಗೆ ನೆನಪಿದ್ದೀತು.