ಒಂಟಿ ಹಸುವಿನ ಮನೆಗಳಲ್ಲಿ ಕಂದು ರೋಗ: ‘ಹಿಂಡಿನ ಗಾತ್ರ’ ಎಂಬ ಅಪಾಯಾಂಶದ ಮರುಪರಿಶೀಲನೆ

ಹೈನುರಾಸುಗಳ ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್‌ನ, ಮೂಲ ಸಂಗತಿಗಳ ಬಗ್ಗೆ ಈಗ ತಕರಾರಿಲ್ಲ. ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಈ ಕುಲದ ಮೊದಲ ರೋಗಾಣುವನ್ನು ಬೇರ್ಪಡಿಸಿದರು. ದನಗಳಲ್ಲಿ ಗರ್ಭಪಾತ ಉಂಟುಮಾಡುವ ರೋಗಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಗುರುತಿಸಿದರು. ಗಬ್ಬದ ಐದನೇ ತಿಂಗಳ ನಂತರ ಕಂದು ಹಾಕುವುದು, ಮಾಸು ಬೀಳದಿರುವುದು, ಮತ್ತೆ ಗಬ್ಬ ಕಟ್ಟಲು ತಡವಾಗುವುದು ಇದರ ಮುಖ್ಯ ಲಕ್ಷಣಗಳು. ಹೆಚ್ಚಿದ ವಯಸ್ಸು, ಹೊರಗಿನಿಂದ ಕೊಂಡು ತಂದ ರಾಸು, ಮಿಶ್ರತಳಿ, ಕುರಿ-ಮೇಕೆಗಳ ಜೊತೆ ಸಾಕಣೆ, ಕಂದಿನ ವಿಲೇವಾರಿಯಲ್ಲಿನ ಅಜಾಗ್ರತೆ, ದೊಡ್ಡ ಹಿಂಡು: ಅಪಾಯಾಂಶಗಳ ಪಟ್ಟಿಯಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಇಲ್ಲಿ ನನ್ನ ತಕರಾರು ಕೊನೆಯದರ ಬಗ್ಗೆ ಮಾತ್ರ.

ಇಸ್ಲೂರ್, ರೇಣುಕಾರಾಧ್ಯ ಮತ್ತು ರಾಜಶೇಖರ್ 1998ರಲ್ಲಿ ಪ್ರಕಟಿಸಿದ, 23 ರಾಜ್ಯಗಳ ಮಾದರಿಗಳನ್ನು ಒಳಗೊಂಡ ಸಮೀಕ್ಷೆಯಲ್ಲಿ ಹಸುಗಳಲ್ಲಿ ಶೇ. 1.9, ಎಮ್ಮೆಗಳಲ್ಲಿ ಶೇ. 1.8ರಷ್ಟು ಪ್ರತಿಕಾಯ ಕಂಡುಬಂದಿತ್ತು. 2013ರಲ್ಲಿ ಚಾಂದ್ ಮತ್ತು ಛಾಬ್ರಾ ಪಂಜಾಬ್-ಹರಿಯಾಣದ ಡೇರಿ ಫಾರ್ಮ್‌ಗಳಿಂದ ವರದಿ ಮಾಡಿದ ಪ್ರಮಾಣ ಸುಮಾರು ನಾಲ್ಕು ರಾಸುಗಳಿಗೆ ಒಂದು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಮನೆಗೊಂದೆರಡು ಹಸು ಕಟ್ಟುವ ನಮ್ಮ ಸಾಕಣೆಯೇ ರೋಗಕ್ಕೆ ತಡೆ ಎಂಬ ತೀರ್ಮಾನ ಸಹಜವಾಗಿ ಹುಟ್ಟುತ್ತದೆ. ಕಿಕ್ಕಿರಿದ ಕೊಟ್ಟಿಗೆಯಲ್ಲಿ ಸೋಂಕು ಬೇಗ ಹರಡುವುದು ನಿಜ. ಆದರೆ ಚಿಕ್ಕ ಹಿಡುವಳಿಯನ್ನು ರಕ್ಷಣೆ ಎಂದು ಓದುವುದಕ್ಕೆ ಈ ಅಂಕಿಗಳು ಸಾಲವು.

ಮೊದಲನೆಯದು ಲೆಕ್ಕದ ತೊಡಕು. ಪ್ರತಿ ರಾಸುವಿಗೂ ಸೋಂಕಿನ ಸಾಧ್ಯತೆ ಶೇ. 2 ಎಂದೂ, ಒಂದರ ಸೋಂಕಿಗೂ ಇನ್ನೊಂದರದಕ್ಕೂ ಸಂಬಂಧವಿಲ್ಲವೆಂದೂ ಇಟ್ಟುಕೊಳ್ಳೋಣ. ಆಗ ಒಂದೇ ಹಸುವಿನ ಮನೆ ‘ಸೋಂಕಿತ ಹಿಂಡು’ ಆಗುವ ಸಾಧ್ಯತೆ ಶೇ. 2, ಐವತ್ತು ಹಸುಗಳ ಫಾರ್ಮ್‌ಗೆ ಅದು ಶೇ. 64ರ ಹತ್ತಿರ. ಸಾಕಣೆಯ ರೀತಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲದೆ ಇಷ್ಟು ಅಂತರ ಹುಟ್ಟುತ್ತದೆ. ಅದೇ ಲೆಕ್ಕದಲ್ಲಿ ನೂರು ಒಂಟಿ ಹಸುಗಳಿರುವ ಊರನ್ನೇ ಒಂದು ಹಿಂಡೆಂದು ಎಣಿಸಿದರೆ ಸಾಧ್ಯತೆ ಶೇ. 87 ಆಗುತ್ತದೆ. ಸೋಂಕು ಗುಂಪುಗುಂಪಾಗಿ ಇರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆಯೇ ಇದ್ದೀತು. ಆದರೂ ಹಿಂಡಿನ ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ.

ಆ ಗಡಿ ಮನೆಯ ಬಾಗಿಲಲ್ಲಿ ಇಲ್ಲ, ಊರಿನ ಸುತ್ತ ಇದೆ ಎಂಬುದು ನನ್ನ ವಾದ. ದಕ್ಷಿಣ ಕರ್ನಾಟಕದ ಯಾವುದೇ ಹಳ್ಳಿಯಲ್ಲಿ ಕಂದು ಹಾಕಿದ ಹಸುವಿನ ಸುತ್ತ ಏನು ನಡೆಯುತ್ತದೆ ನೋಡಿ. ಮನೆಯ ಹೆಂಗಸು ಬರಿಗೈಯಲ್ಲೇ ಮಾಸು ಬಳಿದು, ಕಂದಿನ ಜೊತೆ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹಾಕುತ್ತಾಳೆ. ರಾತ್ರಿ ನಾಯಿಗಳು ಅದನ್ನು ಎಳೆದಾಡುತ್ತವೆ. ಹಸುವಿನ ಸೋರಿಕೆ ಚರಂಡಿಯ ಹುಲ್ಲಿಗೆ ಇಳಿಯುತ್ತದೆ. ಬೆಳಿಗ್ಗೆ ತೊಟ್ಟಿಗೆ ನೀರು ಕುಡಿಯಲು ಹೊರಟ ಪಕ್ಕದ ಮನೆಯ ಕಡಸು ಅದೇ ಹುಲ್ಲಿಗೆ ಬಾಯಿ ಹಾಕುತ್ತದೆ. ನೇರ ಬಿಸಿಲಿಗೆ ಈ ರೋಗಾಣು ಬೇಗ ಸಾಯುತ್ತದೆ. ನೆರಳಿನ ತೇವದಲ್ಲಿ, ಕಂದಿನ ಮಾಂಸದೊಳಗೆ, ತಿಂಗಳುಗಟ್ಟಲೆ ಉಳಿಯಬಲ್ಲದು. ದನಕ್ಕೆ ಸೋಂಕು ತಗಲುವ ಮುಖ್ಯ ದಾರಿ ಬಾಯಿ. ಹಾಗಿರುವಾಗ ಬೇರೆ ಬೇರೆ ಗೂಟಕ್ಕೆ ಕಟ್ಟಿದ ಮಾತ್ರಕ್ಕೆ ಅವು ಬೇರೆ ಬೇರೆ ಹಿಂಡುಗಳಾಗುವುದಿಲ್ಲ.

ಎರಡನೆಯ ತೊಡಕು ಇನ್ನೂ ಗಂಭೀರವಾದದ್ದು. ಬಹುತೇಕ ಸಮೀಕ್ಷೆಗಳು ಒಂದು ದಿನ ಕೊಟ್ಟಿಗೆಯಲ್ಲಿ ನಿಂತಿರುವ ರಾಸುಗಳ ರಕ್ತವನ್ನು ಮಾತ್ರ ಪರೀಕ್ಷಿಸುತ್ತವೆ. ಐವತ್ತು ಹಸುಗಳ ಫಾರ್ಮಿನಲ್ಲಿ ಒಂದು ಕಂದು ಹಾಕಿದರೆ ಅದು ಅಲ್ಲೇ ಉಳಿಯುವುದುಂಟು. ಒಂದೇ ಹಸುವಿನ ಮನೆಗೆ ಆ ಶಕ್ತಿಯಿಲ್ಲ: ವಾರದ ಡೇರಿ ಬಟವಾಡೆಯೇ ಅದರ ಸಂಸಾರದ ಖರ್ಚು. ಹಸು ಮತ್ತೆ ಬೆದೆಗೆ ಬರಲಿಲ್ಲವೆಂದರೆ ದಲ್ಲಾಳಿಗೆ ಕೊಟ್ಟು ಬೇರೆ ಹಸು ತರುತ್ತಾರೆ. ಸಮೀಕ್ಷಕರು ಬರುವ ಹೊತ್ತಿಗೆ ಅಲ್ಲಿರುವುದು ಪ್ರತಿಕಾಯವಿಲ್ಲದ ಹೊಸ ಹಸು. ಮಾರಿದ ಹಸು ಇನ್ನೆಲ್ಲೋ, ಪ್ರಾಯಶಃ ದೊಡ್ಡ ಕೊಟ್ಟಿಗೆಯೊಂದರಲ್ಲಿ, ‘ಕೊಂಡು ತಂದ ರಾಸು’ ಎಂಬ ಕಾಲಂನಡಿ ಪಾಸಿಟಿವ್ ಆಗಿ ದಾಖಲಾಗುತ್ತದೆ. ಖರೀದಿ ಅಪಾಯಾಂಶವೆಂದು ಎಲ್ಲರೂ ಬರೆದಿದ್ದೇವೆ. ಮಾರಾಟವನ್ನು ಯಾರೂ ಅಷ್ಟೇ ಒತ್ತಿ ಕೇಳಿಲ್ಲ. ಒಂಟಿ ಹಸುವಿನ ಮನೆಗಳ ಕಡಿಮೆ ಪ್ರಮಾಣ, ಭಾಗಶಃವಾದರೂ, ಸೋಂಕಿತ ರಾಸುಗಳನ್ನು ಹೊರಗೆ ಕಳಿಸಿದ್ದರ ಫಲವಿರಬಹುದು ಎಂದು ನಾನು ಸೂಚಿಸುತ್ತೇನೆ.

‘ಭಾಗಶಃ’ ಎಂಬುದನ್ನು ಓದುಗರು ಗಮನಿಸಬೇಕು. ಕಂದು ಹಾಕಿದ್ದೆಲ್ಲ ಈ ರೋಗದಿಂದಲ್ಲ. ಲೆಪ್ಟೋಸ್ಪೈರೋಸಿಸ್, ಐಬಿಆರ್, ನಿಯೋಸ್ಪೋರಾ, ಪೆಟ್ಟು, ಬಿಸಿಲಿನ ಝಳ ಎಲ್ಲವೂ ಕಾರಣಗಳೇ. ಹಸು ಮಾರುವುದಕ್ಕೂ ಮದುವೆ, ಸಾಲ, ಮೇವಿನ ಬರ ಎಂದು ನೂರು ಕಾರಣಗಳಿವೆ. ಪರೀಕ್ಷೆಯ ಮಿತಿಯೂ ನನ್ನ ವಾದಕ್ಕೆ ಎದುರಾಗುತ್ತದೆ: ನಿರ್ದಿಷ್ಟತೆ ಶೇ. 98 ಇರುವ ಪರೀಕ್ಷೆ, ಸೋಂಕೇ ಇಲ್ಲದ ಸಾವಿರ ಹಸುಗಳಲ್ಲೂ ಸರಾಸರಿ ಇಪ್ಪತ್ತನ್ನು ಪಾಸಿಟಿವ್ ಎಂದು ತೋರಿಸುತ್ತದೆ. ಆದ್ದರಿಂದ ಶೇ. 2ರ ಆಸುಪಾಸಿನ ಅಂಕಿಯಿರುವ ಕೆಲವು ಊರುಗಳಲ್ಲಿ ನಿಜಕ್ಕೂ ರೋಗ ಇಲ್ಲದಿರಬಹುದು. ಸೋಂಕಿತ ತಾಯಿಗೆ ಹುಟ್ಟಿ, ಮೊದಲ ಗಬ್ಬದವರೆಗೂ ಪ್ರತಿಕಾಯ ತೋರಿಸದ ಕಡಸುಗಳು ಇದಕ್ಕೆ ವಿರುದ್ಧ ದಿಕ್ಕಿನ ತಪ್ಪಿಗೆ ದಾರಿ ಮಾಡುತ್ತವೆ. ಈ ಎರಡು ತಪ್ಪುಗಳಲ್ಲಿ ಯಾವುದು ದೊಡ್ಡದೆಂಬುದನ್ನು ಊರಿನಿಂದೂರಿಗೆ ಅಳೆದೇ ಹೇಳಬೇಕು.

ಈ ಚರ್ಚೆಗೆ ಈಗ ತುರ್ತೂ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆ ಹಾಕಲಾಗುತ್ತಿದೆ. ಎಸ್-19 ಲಸಿಕೆ ಹುಟ್ಟಿಸುವ ಪ್ರತಿಕಾಯ ಸಾಮಾನ್ಯವಾಗಿ ಕರು ಬೆಳೆದಂತೆ ಇಳಿಯುತ್ತದೆ. ವಯಸ್ಸು ಮೀರಿ ಹಾಕಿದರೆ ಉಳಿದು, ರೋಸ್ ಬೆಂಗಾಲ್ ಪರೀಕ್ಷೆಯನ್ನು ಗೊಂದಲಗೊಳಿಸುತ್ತದೆ. ಸೋಂಕಿತ ರಾಸುಗಳನ್ನು ಕೊಂದು ರೋಗ ನಿರ್ಮೂಲ ಮಾಡಿದ ದೇಶಗಳ ಮಾರ್ಗ ನಮಗೆ ತೆರೆದಿಲ್ಲ. ಇಲ್ಲಿ ಸೋಂಕಿತ ಹಸು ಕೈಯಿಂದ ಕೈಗೆ ದಾಟುತ್ತಾ ಬದುಕಿರುತ್ತದೆ; ಹಾಲು ಕರೆಯುವ, ಮಾಸು ತೆಗೆಯುವ ಜನರಿಗೂ ಪಶುವೈದ್ಯರಿಗೂ ಅದರಿಂದ ಜ್ವರ, ಕೀಲುನೋವು ತಗಲುತ್ತಲೇ ಇರುತ್ತದೆ. ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯದೆ ಲಸಿಕೆಯ ಫಲವನ್ನು ಅಳೆಯುವುದು ಕಷ್ಟ.

ಹಾಲು ಉತ್ಪಾದಕರ ಸಂಘವನ್ನೇ ಘಟಕವಾಗಿಟ್ಟುಕೊಂಡು, ಕ್ಯಾನ್ ಹಾಲಿಗೆ ಹಲವು ತಿಂಗಳು ಮಿಲ್ಕ್ ರಿಂಗ್ ಪರೀಕ್ಷೆ ನಡೆಸಿದರೆ ನನ್ನ ಊಹೆಯನ್ನು ಒರೆಗೆ ಹಚ್ಚಬಹುದು. ನೂರು ಮನೆಗಳ ಹಾಲು ಬೆರೆತಾಗ ಪರೀಕ್ಷೆ ಎಷ್ಟು ಮಂಕಾಗುತ್ತದೆ ಎಂಬುದು ಇತ್ಯರ್ಥವಾಗಬೇಕಾದ ಪ್ರಶ್ನೆ. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಮುಂದೆ ಸಮೀಕ್ಷೆ ಕೈಗೊಳ್ಳುವವರು ತಮ್ಮ ಪ್ರಶ್ನಾವಳಿಯಲ್ಲಿ ಎರಡು ಪ್ರಶ್ನೆ ಸೇರಿಸಬೇಕೆಂದು ಕೋರುತ್ತೇನೆ: ಕಳೆದ ಮೂರು ವರ್ಷಗಳಲ್ಲಿ ಈ ಮನೆಯಿಂದ ಮಾರಿದ ಹಸುಗಳೆಷ್ಟು? ಅವುಗಳಲ್ಲಿ ಕಂದು ಹಾಕಿದ್ದವು ಎಷ್ಟು?